ಹಾಡಿನಿಂದ ಮನಿ ನಡೀತೈತೇನ್ರಿ?

ನಮ್ಮ ಮೇಳದಲ್ಲಿ ಐದು ಮಂದಿ ಇದ್ದೇವೆ. ಎಲ್ಲರೂ ಶಿಗ್ಗಾಂವಿ ತಾಲೂಕಿನ ಕಡೆಯವರು, ತತ್ವಪದ ಹಾಡುವವರು. ಹಾರ್ಮೋನಿಯಂ ಕಾಕಾ ಹಗಲು ಬಟ್ಟೆ ಹೊಲಿಯುತ್ತಾರೆ. ತಬಲಾ ತಮ್ಮ ಟಂಟಂ ಓಡಿಸುತ್ತಾನೆ. ದಮ್ಮಡಿ ಹಿಡಿಯುವವರಿಗೆ ಎರಡು ಎಕರೆ ಗೋವಿನಜೋಳದ ಹೊಲವಿದೆ. ತಾಳ ಹಾಕುವವರು ಶಾಲೆಯಲ್ಲಿ ಅತಿಥಿ ಶಿಕ್ಷಕರು. ಐದನೆಯವರು ಪತ್ರಿಕೋದ್ಯಮ ಓದಿ ಊರಿಗೆ ಮರಳಿದವರು. ಪದ ಹೇಳುತ್ತಾರೆ, ಮೇಳದ ಲೆಕ್ಕ ಬರೆಯುತ್ತಾರೆ. ಈ ಬರಹದ ಕೈ ಅವರದು, ಮಾತು ಐವರದೂ.

ನಮ್ಮ ಹಿಂದೆ ಕಂಪನಿ ಇಲ್ಲ, ಮ್ಯಾನೇಜರ್ ಇಲ್ಲ. ಇಂಥವರನ್ನು ಪೇಟೆಯಲ್ಲಿ ಸ್ವತಂತ್ರ ಕಲಾವಿದರು ಅನ್ನುತ್ತಾರೆ. ಊರಲ್ಲಿ ನಮ್ಮನ್ನು ಭಜನಿ ಮಂದಿ ಅನ್ನುತ್ತಾರೆ.

ಹೋದ ವರ್ಷ ಕಾರಹುಣ್ಣಿಮೆ ಮುಗಿದ ಮೇಲೆ ತಬಲಾ ತಮ್ಮನಿಗೆ ಬೆಂಗಳೂರಿನಿಂದ ಕರೆ ಬಂತು. ಸೆಕ್ಯೂರಿಟಿ ಕೆಲಸ, ತಿಂಗಳಿಗೆ 16,000 ರೂಪಾಯಿ. ಬಿತ್ತನೆಯ ದಿನಗಳು, ಕೈಯಲ್ಲಿ ಕಾಸಿಲ್ಲ, ಮಕ್ಕಳ ಶಾಲೆ ಶುರುವಾಗಿದೆ, ಟಂಟಂ ಕಂತು ಬಾಕಿ ಇದೆ. ಮಠದ ಕಟ್ಟೆಯ ಮೇಲೆ ಕೂತಾಗ ಅವನು ನೇರವಾಗಿ ಕೇಳಿದ: "ಹಾಡಿನಿಂದ ಮನಿ ನಡೀತೈತೇನ್ರಿ?"

ಕಾಕಾ ಹೇಳಿದರು: "ನಡಿಯೂದಿಲ್ಲಪ. ಆದ್ರ ಎಷ್ಟು ನಡಿಯೂದಿಲ್ಲ ಅನ್ನೂದನ್ನ ನೋಡೂಣು, ಪುಸ್ತಕ ತಗಿ."

ಪುಸ್ತಕದಲ್ಲಿ ಇದ್ದದ್ದು ಇಷ್ಟು. ವರ್ಷದಲ್ಲಿ ದುಡ್ಡಿನ ಕಾರ್ಯಕ್ರಮ 22. ಒಂದಕ್ಕೆ ನಮ್ಮ ದರ 12,000 ರೂಪಾಯಿ. ಅದರಲ್ಲಿ ಗಾಡಿ ಬಾಡಿಗೆ 3,000, ದಾರಿಯ ಚಹಾ ಊಟ 500. ಉಳಿದ 8,500ರಲ್ಲಿ ಮೊದಲು 1,000 ಮೇಳದ ಪೆಟ್ಟಿಗೆಗೆ ಹೋಗುತ್ತದೆ. ಮಿಕ್ಕ 7,500 ಐದು ಪಾಲು, ತಲೆಗೆ 1,500. ಹಾಡುವವರಿಗೂ ತಾಳ ಹಾಕುವವರಿಗೂ ಒಂದೇ ಪಾಲು. ವರ್ಷಕ್ಕೆ ಒಬ್ಬರಿಗೆ 33,000, ಅಂದರೆ ತಿಂಗಳಿಗೆ 2,750.

ಈ ಅಂಕಿ ನೋಡಿ ಯಾರೂ ಮಾತಾಡಲಿಲ್ಲ. ಅದರಲ್ಲಿ ಸಂಸಾರ ನಡೆಯುವುದಿಲ್ಲ, ಅದು ಗೊತ್ತಿದ್ದದ್ದೇ.

ಆಮೇಲೆ ತಮ್ಮನ ಲೆಕ್ಕ ಬರೆದೆವು. ಟಂಟಂ ಡೀಸೆಲ್ ಕಳೆದು ತಿಂಗಳಿಗೆ ಸುಮಾರು 10,000, ಕಂತು 4,200, ಉಳಿಯುವುದು 5,800. ಹಾಡಿನದು ಸೇರಿದರೆ 8,550. ಬೆಂಗಳೂರಿನ 16,000ದಲ್ಲಿ ರೂಮು, ಊಟ, ಓಡಾಟ ಎಂದು 9,000 ಹೋದರೆ ಊರಿಗೆ ಕಳಿಸುವುದು 7,000. ನಿಂತ ಟಂಟಂಗೂ ಕಂತು ಕಟ್ಟಬೇಕು. ಮಾರಿದರೆ ಸಾಲ ತೀರುವಷ್ಟೂ ಬರುವುದಿಲ್ಲ. ಅಂದರೆ 33,000 ಎಂಬ ಸಣ್ಣ ಮೊತ್ತವೇ ಅವನನ್ನು ಊರಲ್ಲಿ ಇಟ್ಟುಕೊಂಡಿತ್ತು. ಅದು ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೇ.

ಯಾಕೆ ಕಾಣುತ್ತಿರಲಿಲ್ಲ? ತಾರೀಖು ನೋಡಿದಾಗ ತಿಳಿಯಿತು. 22ರಲ್ಲಿ 13 ಕಾರ್ಯಕ್ರಮ ಸಂಕ್ರಾಂತಿಯಿಂದ ಬಸವ ಜಯಂತಿಯೊಳಗೆ, ಜಾತ್ರೆಗಳ ಕಾಲದಲ್ಲಿ. ಶ್ರಾವಣ ಮತ್ತು ಗಣಪತಿ ಹಬ್ಬಕ್ಕೆ 5. ದಸರೆಯ ಪುರಾಣದಿಂದ ದೀಪಾವಳಿಯವರೆಗೆ 4. ಜೂನ್, ಜುಲೈನಲ್ಲಿ ಒಂದೂ ಇಲ್ಲ. ಬೀಜ, ಗೊಬ್ಬರ, ಶಾಲೆಯ ಖರ್ಚು ಬೀಳುವುದು ಸರಿಯಾಗಿ ಆ ಎರಡು ತಿಂಗಳಲ್ಲಿ. ಕೊರತೆ ಇದ್ದದ್ದು ಆ ತಿಂಗಳುಗಳಲ್ಲಿ. ಜಾತ್ರೆಯ ದುಡ್ಡು ಜಾತ್ರೆಯಲ್ಲೇ ಕರಗಿದರೆ ಆಷಾಢಕ್ಕೆ ಬೆಂಗಳೂರು ನೆನಪಾಗುತ್ತದೆ.

ಪೆಟ್ಟಿಗೆಯಲ್ಲಿ ವರ್ಷಕ್ಕೆ 22,000 ಕೂಡಿತ್ತು. ತಬಲಾದ ಚರ್ಮ ಬದಲಿಸಿದ್ದು, ಹಾರ್ಮೋನಿಯಂ ರಿಪೇರಿ, ಒಂದು ಮೈಕು ಎಂದು 9,000 ಖರ್ಚಾಗಿ 13,000 ಉಳಿದಿತ್ತು. ಅವತ್ತು ಒಂದು ಕಟ್ಟಳೆ ಮಾಡಿದೆವು: ಜೂನ್, ಜುಲೈನಲ್ಲಿ ಬೇಕಾದವರು ಪೆಟ್ಟಿಗೆಯಿಂದ 2,500ರವರೆಗೆ ಕೈಗಡ ಒಯ್ಯಬಹುದು, ಬಡ್ಡಿ ಇಲ್ಲ. ಶ್ರಾವಣದಿಂದ ಪ್ರತಿ ಕಾರ್ಯಕ್ರಮದ ಪಾಲಿನಲ್ಲಿ 500 ಮುರಿದುಕೊಳ್ಳುವುದು. ಐದೂ ಮಂದಿ ಒಯ್ದರೆ 12,500, ಪೆಟ್ಟಿಗೆ ತಾಳುತ್ತದೆ. ತಮ್ಮ 2,500 ಒಯ್ದು ಶಾಲೆಯ ಖರ್ಚು ತೀರಿಸಿದ. ಶ್ರಾವಣ, ಗಣಪತಿಯ ಐದು ಕಾರ್ಯಕ್ರಮದಲ್ಲಿ ಅದು ಮುಟ್ಟಿತು. ಈ ವರ್ಷಕ್ಕೆ ಅವನು ಉಳಿದಿದ್ದಾನೆ. ಮುಂದಿನ ವರ್ಷದ ಮಾತು ನಾವೂ ಕೇಳಿಲ್ಲ, ಅವನೂ ಹೇಳಿಲ್ಲ.

ಇನ್ನೊಂದು ಕಟ್ಟಳೆಯೂ ಇದೆ: ಬಾರದ ದುಡ್ಡನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಉತ್ಸವದ ಸಂಭಾವನೆ ನಮ್ಮ ಖಾತೆಗೆ ಬರಲು ಏಳು ತಿಂಗಳು ಬೇಕಾಯಿತು. ಆ ಭರವಸೆಯ ಮೇಲೆ ಯಾರೂ ಸಾಲ ಮಾಡಿರಲಿಲ್ಲ, ಹಾಗಾಗಿ ನುಂಗಿಕೊಂಡೆವು. ಈಗ ಗಾಡಿಯ ಬಾಡಿಗೆಯಷ್ಟಾದರೂ ಮುಂಗಡ ಕೇಳುತ್ತೇವೆ. "ಹೆಸರು ಬರ್ತೈತಿ, ಬರ್ರಿ" ಅನ್ನುವವರಿಗೆ ಕಾಕಾರ ಉತ್ತರ ಒಂದೇ: "ಹೆಸರು ಬರಲಿ, ಆದ್ರ ಗಾಡಿ ಡೀಸೆಲ್ ಕೇಳತೈತಲ್ರಿ."

ಯೂಟ್ಯೂಬಿನ ಬಗ್ಗೆ ಊರಲ್ಲಿ ಎಲ್ಲರೂ ಕೇಳುತ್ತಾರೆ, ಅದನ್ನೂ ಹೇಳುತ್ತೇವೆ. ಜಾಹೀರಾತಿನ ಪಾಲು ಸಿಗಬೇಕಾದರೆ ಚಾನೆಲ್‌ಗೆ 1,000 ಚಂದಾದಾರರು ಬೇಕು, ಹಿಂದಿನ 12 ತಿಂಗಳಲ್ಲಿ ಜನ 4,000 ಗಂಟೆ ನೋಡಿರಬೇಕು. ಗಂಟೆಯನ್ನು ನಿಮಿಷ ಮಾಡಿದರೆ 2,40,000. ನಾಲ್ಕು ನಿಮಿಷದ ಒಂದು ಪದವನ್ನು 60,000 ಸಲ ಪೂರ್ತಿ ಕೇಳಬೇಕು. ಸಣ್ಣ ರೀಲ್ಸ್‌ನಂಥ ವಿಡಿಯೋಗಳಿಗೆ ಲೆಕ್ಕ ಬೇರೆ: 90 ದಿನದಲ್ಲಿ ಒಂದು ಕೋಟಿ ವೀಕ್ಷಣೆ. ಗಳಿಕೆ 100 ಡಾಲರ್ ಮುಟ್ಟಿದ ಮೇಲೆಯೇ ದುಡ್ಡು ಬ್ಯಾಂಕಿಗೆ ಬರುವುದು. ನಮ್ಮ ಚಾನೆಲ್ ಅಲ್ಲಿಗೆ ಮುಟ್ಟಿಲ್ಲ. ಆದರೆ ವಿಡಿಯೋದ ಕೆಳಗೆ ಮೇಳದ ಫೋನ್ ನಂಬರ್ ಹಾಕಿದ್ದೇವೆ. 22ರಲ್ಲಿ 7 ಕಾರ್ಯಕ್ರಮ ಆ ನಂಬರಿನಿಂದ ಬಂದವು. ಏಳು ಸಲ 12,000 ಎಂದರೆ 84,000. ನಮಗೆ ಯೂಟ್ಯೂಬ್ ಅಂದರೆ ಡಂಗುರ, ಹೊಲ ಅಲ್ಲ.

ಹಾಡುವವರು ತಿಳಿದಿರಬೇಕಾದ ಹಕ್ಕಿನ ವಿಷಯವೂ ಒಂದಿದೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ನಮ್ಮ ದೇಶದ ಕಾಯ್ದೆಯಲ್ಲಿ ಬರೆದವರು ತೀರಿದ ಮೇಲೆ 60 ವರ್ಷದವರೆಗೆ ಹಕ್ಕು ಇರುತ್ತದೆ. ಹಾಗಾಗಿ ಶರೀಫರ ಪದಗಳನ್ನು ಯಾರೂ ಹಾಡಬಹುದು, ಧ್ವನಿಮುದ್ರಿಸಬಹುದು. ಆದರೆ ಆ ಪದಗಳಿಗೆ ಸಿ. ಅಶ್ವತ್ಥ್ ಅವರು ಕೂಡಿಸಿದ ರಾಗಸಂಯೋಜನೆಯ ಮಾತು ಬೇರೆ. ಅವರು ತೀರಿದ್ದು 2009ರಲ್ಲಿ. ಆ ಧಾಟಿಯ ಹಕ್ಕು ಇನ್ನೂ ಜೀವಂತ. ಅದನ್ನೇ ಹಾಡಿ ವಿಡಿಯೋ ಹಾಕಿದರೆ ಜಾಹೀರಾತಿನ ದುಡ್ಡು ಹಕ್ಕುದಾರರಿಗೆ ಹೋಗಬಹುದು, ವಿಡಿಯೋ ಇಳಿಯಲೂಬಹುದು. ಅದಕ್ಕೇ ನಾವು ಚಾನೆಲ್‌ನಲ್ಲಿ ನಮ್ಮ ಮಠಗಳ ಹಳೆಯ ಧಾಟಿಗಳನ್ನೇ ಹಾಡುತ್ತೇವೆ.

ಈ ಕಾರಣಕ್ಕೆ ಹಳೆಯ ಧಾಟಿ ಹುಡುಕಿಕೊಂಡು ಊರೂರು ತಿರುಗುವುದು ಶುರುವಾಯಿತು. ತಿಂಗಳಿಗೆ ಒಂದು ಹೊಸ ಪದ ಕಲಿಯಬೇಕು ಎಂಬುದು ನಮ್ಮ ನೇಮ. ಪಕ್ಕದ ಊರಿನ ಅಜ್ಜಿಯೊಬ್ಬರು ಬೀಸುಕಲ್ಲಿನ ಮುಂದೆ ಕಲಿತ ಪದವೊಂದನ್ನು ಹೇಳಿಕೊಟ್ಟರು. ಅಜ್ಜಿಗೆ ಎರಡನೇ ನುಡಿ ಮರೆತಿತ್ತು. ಮೂರು ಸಲ ಹೋದ ಮೇಲೆ ನೆನಪಾಯಿತು. ಫೋನಿನಲ್ಲಿ ತುಂಬಿಕೊಂಡು ಬಂದೆವು. ದುಡ್ಡಿಲ್ಲದ ಆಷಾಢದಲ್ಲಿ ಮೇಳ ಕೂಡಿಯೇ ಇರುವುದು ಈ ಕೆಲಸದಿಂದ.

ಮನಸ್ಸು ಹಿಡಿದಿಡುವುದು ಇನ್ನೂ ಎರಡು. ಅಮಾವಾಸ್ಯೆ ರಾತ್ರಿ ಮಠದಲ್ಲಿ ಭಜನೆ. ಅದಕ್ಕೆ ದರ ಇಲ್ಲ, ತಪ್ಪಿಸುವಂತಿಲ್ಲ, ಅದೇ ನಮ್ಮ ತಾಲೀಮು. ಎರಡನೆಯದು ಸಾವಿನ ಮನೆ. ನಮ್ಮ ಕಡೆ ಹೆಣದ ಮುಂದೆ ಬೆಳಗಾಗುವವರೆಗೆ ಭಜನೆ ಹಾಡುತ್ತಾರೆ. ಅಲ್ಲಿ ಚಪ್ಪಾಳೆ ಇಲ್ಲ, ವಿಡಿಯೋ ಇಲ್ಲ. ಅಳುತ್ತಿದ್ದವರು ನಡುರಾತ್ರಿ ಪಲ್ಲವಿ ಎತ್ತಿಕೊಂಡು ನಮ್ಮ ಜೊತೆ ಹಾಡುತ್ತಾರೆ. ಬೆಳಿಗ್ಗೆ ಕಪ್ಪು ಚಹಾ ಕುಡಿದು ಮನೆಗೆ ಬರುತ್ತೇವೆ. ನಾವು ಯಾಕೆ ಹಾಡುತ್ತೇವೆ ಎಂದು ಆ ದಿನ ಯಾರೂ ಕೇಳುವುದಿಲ್ಲ. ಈ ರಾತ್ರಿಗಳನ್ನೂ ಪುಸ್ತಕದಲ್ಲಿ ಬರೆಯುತ್ತೇವೆ. ಹೋದ ವರ್ಷ 9. ಎದುರಿನ ಕಾಲಂನಲ್ಲಿ ಸೊನ್ನೆ ಹಾಕುವುದಿಲ್ಲ, ಖಾಲಿ ಬಿಡುತ್ತೇವೆ.

ನಿಮ್ಮ ಊರಲ್ಲೂ ಡೊಳ್ಳಿನವರು, ಗೀಗೀ ಪದದವರು, ಸೋಬಾನೆ ಹಾಡುವ ಅವ್ವಂದಿರು ಇದ್ದಾರು. ನೂರು ಪುಟದ ಒಂದು ನೋಟ್‌ಬುಕ್ ತನ್ನಿರಿ. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು, ತುದಿಗೆ ತಾರೀಖು. ಗಾಡಿ ಇಳಿದ ಕೂಡಲೇ, ಪಾಲು ಹಂಚುವ ಮುಂಚೆ ಬರೆಯಿರಿ, ಐದೂ ಮಂದಿಯ ಕಣ್ಣೆದುರಿಗೆ. ನಮ್ಮಲ್ಲಿ ಈಗ ಬರೆಯುವ ಪಾಳಿ ತಬಲಾ ತಮ್ಮನದು.