ಎರಡು ನಿಮಿಷದ ನಾನೂರು ವರ್ಷ

ಜಪಾನಿನ ಸ್ಕ್ವೇರ್ ಕಂಪನಿಯ 'ಕ್ರೋನೋ ಟ್ರಿಗರ್' ಬಂದಿದ್ದು 1995ರಲ್ಲಿ. ಜನ ಇವತ್ತಿಗೂ ಆಡ್ತಾರೆ. ಅಕಿರಾ ತೊರಿಯಾಮಾ ಬರೆದ ಪಾತ್ರಗಳು, ಯಾಸುನೋರಿ ಮಿತ್ಸುದಾ ಸಂಗೀತ, ಹತ್ತಕ್ಕೂ ಹೆಚ್ಚು ಮುಕ್ತಾಯಗಳು ಅಂತ ಕಾರಣ ಕೊಡ್ತಾರೆ. ನಿಜವೇ. ನನ್ನನ್ನು ಹಿಡಿದಿಟ್ಟಿದ್ದು ಮಾತ್ರ ಒಂದು ಕಾಡು. (ಆಡದವರು ಇಲ್ಲೇ ನಿಲ್ಲಿ, ಕಥೆ ಹೇಳಿಬಿಡ್ತೀನಿ!)

1999ರಲ್ಲಿ ಲಾವೋಸ್ ಅನ್ನೋ ದೈತ್ಯ ನೆಲದಿಂದೆದ್ದು ಲೋಕವನ್ನೇ ಸುಡುತ್ತೆ. ಅದನ್ನು ತಪ್ಪಿಸೋಕೆ ಕ್ರಿ.ಶ. 1000ದ ಹುಡುಗ ಹುಡುಗಿಯರು ಕಾಲದಲ್ಲಿ ಹಿಂದೆ ಮುಂದೆ ಓಡಾಡಬೇಕು. ನಡುವೆ 600ನೇ ಇಸವಿಯಲ್ಲಿ ಫಿಯೋನಾ ಅನ್ನೋಳು ಮರಳುಗಾಡಾದ ನೆಲದಲ್ಲಿ ಮರ ಬೆಳೆಸೋಕೆ ಒದ್ದಾಡ್ತಿರ್ತಾಳೆ. ಅವಳ ನೆರವಿಗೆ ನಮ್ಮ ರೋಬೋಟ್ ಗೆಳೆಯ ರೋಬೋ ಅಲ್ಲೇ ಉಳೀತಾನೆ. ನಾವು ಕಾಲಯಂತ್ರ ಹತ್ತಿ 1000ಕ್ಕೆ ಬರ್ತೀವಿ, ಎರಡು ನಿಮಿಷದ ಕೆಲಸ. ಈಗ ಅಲ್ಲಿ ಕಾಡಿದೆ, ಗುಡಿಯಿದೆ, ಗುಡಿಯೊಳಗೆ ಕೆಟ್ಟು ನಿಂತ ರೋಬೋ ಇದ್ದಾನೆ. ಅವನಿಗೆ ನಾನೂರು ವರ್ಷ ಕಳೆದಿದೆ.

ಅವನನ್ನು ರಿಪೇರಿ ಮಾಡಿದ ರಾತ್ರಿ ಗೆಳತಿ ಲುಕ್ಕಾಗೆ ಒಂದು ಬಾಗಿಲು ತೆರೆಯುತ್ತೆ. ಅದರಾಚೆ ಅವಳ ಬಾಲ್ಯ, ಅಮ್ಮನ ಕಾಲು ಯಂತ್ರಕ್ಕೆ ಸಿಕ್ಕ ದಿನ. ಯಂತ್ರ ನಿಲ್ಲಿಸೋ ಪಾಸ್‌ವರ್ಡ್ ಅಮ್ಮನ ಹೆಸರೇ: ಎಲ್, ಎ, ಆರ್, ಎ ಬಟನ್ ಒತ್ತಬೇಕು. ಒತ್ತಿದರೆ ಅಮ್ಮ ನಡೀತಾಳೆ. ತಡವಾದರೂ ಆಟ ಮುಗಿಯೋಲ್ಲ... ಅಮ್ಮ ಕುರ್ಚಿಯಲ್ಲೇ ಇರ್ತಾಳೆ, ಕಥೆ ಮುಂದೆ ಹೋಗುತ್ತೆ.

ಅಪ್ಪ ತೀರಿಕೊಂಡ ವರ್ಷ ಈ ಭಾಗ ಆಡಿದ್ದೆ. ಲೋಕ ಉಳಿಸೋ ಆಟಗಳು ಬೇಕಾದಷ್ಟಿವೆ. ಒಂದು ಮನೆಯ ಒಂದು ದಿನವನ್ನು ಇಷ್ಟು ದೊಡ್ಡದು ಅಂತ ತಿಳಿದ ಆಟ ನಾನು ಬೇರೆ ನೋಡಿಲ್ಲ.

ನಿಮಗೆ ಬಾಗಿಲು ಸಿಕ್ಕರೆ ಯಾವ ದಿನಕ್ಕೆ ಹೋಗ್ತೀರಿ?