ಚೀಟಿಯಲ್ಲಿ ಬರೆಯದ ಮದ್ದು

ಜ್ವರವೆಂಬುದು ಅತಿಥಿ; ನಾಲ್ಕು ದಿನವಿದ್ದು ಹೊರಟುಹೋಗುತ್ತದೆ. ಸಂಧಿವಾತವಾದರೋ ಮನೆಅಳಿಯನಿದ್ದಂತೆ, ಬಂದದ್ದಷ್ಟೇ ನೆನಪು, ಹೋಗುವ ಮಾತೇ ಇಲ್ಲ. ಇಂಥ ರೋಗದೊಡನೆ ಬಾಳುವೆ ಮಾಡುವುದು ಹೇಗೆಂಬುದನ್ನು ಯಾವ ಔಷಧದ ಚೀಟಿಯೂ ತಿಳಿಸುವುದಿಲ್ಲ.

ನಮ್ಮ ತಾಯಿಯವರಿಗೆ ಈ ಬೇನೆ ಹತ್ತಿ ಆರು ವರ್ಷಗಳಾದವು. ಬೆಳಗಿನ ಹೊತ್ತು ಬೆರಳ ಗಂಟುಗಳು ಬಿಗಿದು, ಹಾಲಿನ ಪಾತ್ರೆಯನ್ನೆತ್ತುವುದೂ ದುಸ್ತರವಾಗುತ್ತಿತ್ತು. ವೈದ್ಯರು ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಿದರು, ನೋವು ಜಗ್ಗಲಿಲ್ಲ. ಕೊನೆಗೆ, ಆಸ್ಪತ್ರೆಯಲ್ಲೇ ಇದ್ದ ವೈದ್ಯಕೀಯ ಸಮಾಜ ಕಾರ್ಯಕರ್ತೆಯೊಬ್ಬರನ್ನು ಕಾಣುವಂತೆ ಸೂಚಿಸಿದರು.

ಆಕೆ ನಾಡಿ ಹಿಡಿಯಲಿಲ್ಲ, ನಾಲಗೆ ನೋಡಲಿಲ್ಲ. “ಅಮ್ಮಾ, ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ? ಎದ್ದೊಡನೆ ಏನು ಕೆಲಸ? ನೀರು ತುಂಬುವವರು ಯಾರು?” ಎಂದು ಕೇಳಿದರು. ಆಮೇಲೆ ಮೆಲ್ಲಗೆ, “ತಿಂಗಳ ಕೊನೆಗೆ ಮಾತ್ರೆ ಎಷ್ಟು ಉಳಿಯುತ್ತದೆ?” ಎಂದರು.

ತಾಯಿಯವರು ಒಮ್ಮೆ ನನ್ನನ್ನು ನೋಡಿ ತಲೆ ತಗ್ಗಿಸಿದರು. “ಮೊಮ್ಮಗಳ ಶಾಲೆಯ ಫೀಜಿನ ಖರ್ಚಿದೆ ನೋಡಮ್ಮ. ಒಂದು ದಿನ ಬಿಟ್ಟು ಒಂದು ದಿನ ನುಂಗುತ್ತೇನೆ.”

ನುಂಗದ ಮಾತ್ರೆಯನ್ನು ನಂಬಿ ವೈದ್ಯರು ಪ್ರಮಾಣ ಏರಿಸುತ್ತಿದ್ದರು! ಆಕೆ ಆ ವಿಷಯವನ್ನು ಅವರಿಗೆ ತಿಳಿಸಿ, ಅದೇ ಔಷಧವನ್ನು ಕಡಿಮೆ ಬೆಲೆಗೆ ಜನೌಷಧಿ ಕೇಂದ್ರದಿಂದ ಕೊಳ್ಳುವ ಏರ್ಪಾಡು ಮಾಡಿದರು. ನನ್ನನ್ನೂ ನನ್ನ ಹೆಂಡತಿಯನ್ನೂ ಕೂರಿಸಿಕೊಂಡು ಮನೆಗೆಲಸ ಹಂಚಿದರು: ಎದ್ದ ಕೂಡಲೆ ಬಿಸಿನೀರಿನಲ್ಲಿ ಕೈಯದ್ದುವುದು, ಭಾರದ ಕೆಲಸ ನಮ್ಮಿಬ್ಬರ ಪಾಲಿಗೆ, ಒಲೆಯ ಬಳಿ ಕುಳಿತು ಮಾಡಲು ಒಂದು ಎತ್ತರದ ಸ್ಟೂಲು. ರೋಗವೇನೋ ಹೋಗಿಲ್ಲ. ಆದರೆ ಈಗ ಸಂಜೆ ಹೂ ಕಟ್ಟುವಷ್ಟು ಬೆರಳು ಬಗ್ಗುತ್ತವೆ.

ಈ ವೃತ್ತಿ ಹುಟ್ಟಿದ ಬಗೆಯೂ ವಿನೋದವಾದುದು. 1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಮೇರಿ ಸ್ಟೂವರ್ಟ್ ಎಂಬಾಕೆಯನ್ನು ನೇಮಿಸಿತು. ಹಣವುಳ್ಳವರು ಧರ್ಮಾರ್ಥ ಚಿಕಿತ್ಸೆ ಪಡೆಯದಂತೆ ನೋಡಿಕೊಳ್ಳುವುದು ಆಕೆಯ ಮುಖ್ಯ ಕೆಲಸ. ಬೊಕ್ಕಸ ಕಾಯಲು ಹುಟ್ಟಿದ ಹುದ್ದೆ ಬರಬರುತ್ತ ರೋಗಿಯ ಸಂಸಾರವನ್ನು ಕಾಯತೊಡಗಿತು. 1905ರಲ್ಲಿ ಅಮೆರಿಕದ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾಕ್ಟರ್ ರಿಚರ್ಡ್ ಕ್ಯಾಬಟ್, ರೋಗಿಯ ಮನೆ-ದುಡಿಮೆಗಳನ್ನರಿಯದ ಚಿಕಿತ್ಸೆ ಅಪೂರ್ಣವೆಂದು ಕಂಡು, ಸಮಾಜ ಕಾರ್ಯಕರ್ತರನ್ನು ತಮ್ಮ ಜೊತೆಗಿಟ್ಟುಕೊಂಡರು. ನಮ್ಮ ದೇಶದಲ್ಲಿ 1946ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆ ಇದಕ್ಕೆ ನಾಂದಿ ಹಾಡಿತು.

ಎಷ್ಟೋ ಕಾಯಿಲೆಗಳ ಬೇರು ದೇಹದಲ್ಲಿದ್ದರೂ ಕೊಂಬೆಗಳು ಮನೆಯ ತುಂಬ ಹರಡಿರುತ್ತವೆ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ಸಿಗೆ ಹೋಗುವ ಕೂಲಿಯವನಿಗೆ ಆ ದಿನಗಳ ಕೂಲಿ ಕೊಡುವವರಾರು? ಉಬ್ಬಸದ ಹೆಣ್ಣುಮಗಳ ಅಡುಗೆಮನೆಗೆ ಹೊಗೆ ಹೋಗುವ ಕಿಂಡಿಯಿದೆಯೇ? ಇಂಥ ಪ್ರಶ್ನೆಗಳನ್ನು ಕೇಳಲು, ಹೊರಗೆ ನೂರು ಜನ ಕಾದಿರುವ ವೈದ್ಯರಿಗೆ ವ್ಯವಧಾನವೆಲ್ಲಿ?

ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮನೆಯಲ್ಲಿ ದೀರ್ಘ ಕಾಯಿಲೆಯವರಿದ್ದರೆ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅಲ್ಲಿ ಸಮಾಜ ಕಾರ್ಯಕರ್ತರಿದ್ದಾರೆಯೇ ಎಂದು ವಿಚಾರಿಸಿರಿ. ಇದ್ದರೆ, ನಾಚದೆ ಮನೆಯ ಕಷ್ಟ ಹೇಳಿಕೊಳ್ಳಿರಿ. ಹಿರಿಯರು ಮಕ್ಕಳ ಮುಂದೆ ಬಚ್ಚಿಟ್ಟುಕೊಂಡ ನೋವು, ಹೊರಗಿನವರೊಬ್ಬರು ಆದರದಿಂದ ಕೇಳಿದಾಗ ತಾನಾಗಿ ಬಾಯಿಗೆ ಬರುತ್ತದೆ.