ಬೆಟ್ಟಕ್ಕೆ ಹೊರಡುವ ಮುನ್ನ

ನಮ್ಮ ಹನೂರಿನಲ್ಲಿ ಮನೆಗೆ ಕಾರು ಬಂತೆಂದರೆ ಮೊದಲು ಹೊರಡುವುದು ಮಾದಪ್ಪನ ಬೆಟ್ಟಕ್ಕೇ. ಬುತ್ತಿ ಕಟ್ಟಿದ್ದಾಯಿತೇ ಎಂದು ವಿಚಾರಿಸುವ ನಾವು ಬ್ರೇಕಿನ ಎಣ್ಣೆಯನ್ನೂ ವಿಚಾರಿಸಬೇಕಲ್ಲವೇ? ಗಂಡಸರ ಕೆಲಸ ಅನ್ನಬೇಡಿ. ಉಪ್ಪಿನ ಜಾಡಿ ಕಾಪಾಡುವವರಿಗೆ ಇದು ಬಲು ಸುಲಭ.

ಮಳೆಗಾಲದಲ್ಲಿ ಉಪ್ಪು ನೀರಾಡುವ ಹಾಗೆ, ಈ ದ್ರವವೂ ಗಾಳಿಯ ತೇವ ಹೀರುತ್ತದೆ. ಬೆಟ್ಟದಿಂದ ತಾಳಬೆಟ್ಟಕ್ಕೆ ಇಳಿಯುವ ತಿರುವುಗಳಲ್ಲಿ ಬ್ರೇಕ್ ತುಳಿಯುತ್ತಲೇ ಬಂದರೆ ಚಕ್ರದ ಬಳಿ ವಿಪರೀತ ಕಾವೇರುತ್ತದೆ. ಹೊಸ ಡಾಟ್ 3 ದ್ರವ 205 ಡಿಗ್ರಿವರೆಗೂ ಕುದಿಯುವುದಿಲ್ಲ. ತೇವ ಕುಡಿದದ್ದು 140ಕ್ಕೇ ಕುದಿಯಬಹುದು. ಗುಳ್ಳೆ ಎದ್ದರೆ ಪೆಡಲ್ ಮೆತ್ತಗೆ ಕುಸಿಯುತ್ತದೆ, ಗಾಡಿ ಹಿಡಿತಕ್ಕೆ ಸಿಗುವುದಿಲ್ಲ.

ಇಂಜಿನ್ ಆರಿದ ಮೇಲೆ ಬಾನೆಟ್ ಎತ್ತಿ. ದ್ರವದ ಡಬ್ಬಿಯ ಮೇಲೆ ಎರಡು ಗೆರೆಗಳಿರುತ್ತವೆ. ಮಟ್ಟ ಅವುಗಳ ನಡುವೆ ಇರಬೇಕು. ಜೇನಿನ ಬಣ್ಣ ಹೋಗಿ ಕಾಫಿ ಡಿಕಾಕ್ಷನ್ ಆಗಿದ್ದರೆ ಬದಲಿಸಿ. ಬಣ್ಣ ಚೆನ್ನಾಗಿದ್ದರೂ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ. ಮುಚ್ಚಳದ ಮೇಲೆ ಬರೆದ ಜಾತಿಯದನ್ನೇ, ಸೀಲು ಒಡೆಯದ ಡಬ್ಬಿಯಿಂದ ಹಾಕಿಸಿ. ಇಂಜಿನ್ ಆಯಿಲ್ ಬೆರೆತರೆ ಒಳಗಿನ ರಬ್ಬರ್ ಊದಿ ಕೆಡುತ್ತದೆ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹುಯ್ಯಿರಿ.

ಮಟ್ಟ ಇಳಿದಿದ್ದರೆ ಬರೀ ತುಂಬಿಸಿ ಸುಮ್ಮನಾಗಬೇಡಿ. ಒಂದೋ ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಒಂದು ದೀಪಾವಳಿಗೆ ಹೊರಡುವ ಮುಂಜಾನೆ ನಾನು ನೋಡಿದಾಗ ದ್ರವ ಕೆಳಗಿನ ಗೆರೆಗೂ ಕೆಳಗಿತ್ತು. ಹಿಂದಿನ ಚಕ್ರದಲ್ಲಿ ಸೋರುತ್ತಿದೆ ಅಂದ ಮೆಕ್ಯಾನಿಕ್. ನಮ್ಮವರು ಗೊಣಗಿದರು, ಅತ್ತೆ ಮುಖ ಊದಿಸಿಕೊಂಡರು. ಬಸ್ಸಿನಲ್ಲೇ ಹೋಗಿ, ಮಕ್ಕಳ ಸಮೇತ ಎಲ್ಲರೂ ಮನೆ ಸೇರಿದೆವು.

ಇನ್ನೊಂದು ಮಾತು: ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಲು ಹೇಳಿ. ಬ್ರೇಕಿಗೂ ಕೊಂಚ ವಿಶ್ರಾಂತಿ ಬೇಡವೇ?